ನೀಲಿ ಮಡಕೆ

ರಾಮಾಂಜಿನಮ್ಮ ಟೀಚರಿಗೆ ಆ ವಾರ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಗುರುವಾರ ಇನ್ಸ್‌ಪೆಕ್ಟರ್ ಶಂಕರಯ್ಯ ಶಾಲೆ ತಪಾಸಣೆಗೆ ಬರುವವರಿದ್ದರು. ಅವರು ನಾಲ್ಕು ಒಳ್ಳೆಯ ಮಾತು ಬರೆದರೆ ಕಲ್ಯಾಣದುರ್ಗಕ್ಕೆ ವರ್ಗ ಸಿಗುತ್ತಿತ್ತು. ಗಂಡ ಗಂಗಣ್ಣ ಅಲ್ಲಿ ಟೈಲರ್ ಅಂಗಡಿ ಇಟ್ಟಿದ್ದ. ಈಕೆ ಆಂಧ್ರದ ಗಡಿಯ ಹಿಂದೂಪುರದಲ್ಲಿ ಬಾಡಿಗೆ ಕೋಣೆ ಹಿಡಿದು, ಪರಿಗಿ ದಾರಿಯ ಕನ್ನಡ ಶಾಲೆಗೆ ಬಸ್ಸಿನಲ್ಲಿ ಓಡಾಡುತ್ತಿದ್ದಳು. ಮದುವೆಯಾಗಿ ನಾಲ್ಕು ವರ್ಷವಾದರೂ ಸಂಸಾರವೆಲ್ಲ ಶನಿವಾರ, ಭಾನುವಾರದ್ದೇ. ಅದು ಎಂಬತ್ತಾರರ ಮಾರ್ಚ್ ತಿಂಗಳು.

ಸೋಮವಾರ ಆರನೇ ತರಗತಿಯಲ್ಲಿ “ಬಾಷ್ಪೀಭವನ ಎಂದರೇನು?” ಎಂದಾಗ ಮಕ್ಕಳೆಲ್ಲ ಒಂದೇ ಉಸಿರಿಗೆ ಒಪ್ಪಿಸಿದರು. ಅಷ್ಟಕ್ಕೇ ಬಿಡಬಹುದಿತ್ತು. ಟೀಚರ ಬಾಯಿ ಸುಮ್ಮನಿರಲಿಲ್ಲ.

“ಹಂಗಾದ್ರೆ ಮಡಕೆ ನೀರು ಯಾಕೆ ತಣ್ಣಗಿರ್ತದೆ?”

ವರ್ಷವಿಡೀ ತುಟಿ ಬಿಚ್ಚದ ಬೀರಕ್ಕ ಹಿಂದಿನಿಂದ ಮೆಲ್ಲಗೆ ಅಂದಳು: “ನಮ್ಮನೆ ಮಡಕೇಲಿ ತಣ್ಣಗಿರಾಕಿಲ್ಲ ಮೇಡಂ.”

ಮಕ್ಕಳು ಘೊಳ್ಳೆಂದು ನಕ್ಕರು. ಟೀಚರ್ ನಗಲಿಲ್ಲ. “ಪಕ್ಕದ ಮನೇಲಿ?”

“ಅಲ್ಲಿ ತಣ್ಣಗಿರ್ತದೆ. ಇಬ್ರೂ ಒಂದೇ ಬಾವಿ ನೀರು ತರಾದು.”

“ಮತ್ತೆ ವ್ಯತ್ಯಾಸ ಎಲ್ಲೈತೆ? ನೋಡ್ಕೊಂಡು ಬಾ.”

ಉತ್ತರ ಟೀಚರಿಗೂ ಗೊತ್ತಿರಲಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದೇ ಕೊರೆಯಿತು.

ಮರುದಿನ ಬೀರಕ್ಕ ಓಡಿ ಬಂದಳು. “ಬಾಗ್ಲಿಗೆ ಹಚ್ಚಿ ಉಳ್ದಿದ್ ನೀಲಿ ಪೇಂಟ್ನ ನಮ್ಮಮ್ಮ ಮಡಕೆಗೆ ಬಳ್ದವ್ಳೆ ಮೇಡಂ!” ಬಣ್ಣ ಬಿಸಿಲನ್ನು ಎಳೆಯುತ್ತದೆ ಎಂದು ಒಬ್ಬಳು, ಮಡಕೆ ಬೆವರುವ ತೂತುಗಳೆಲ್ಲ ಮುಚ್ಚಿಹೋಗಿವೆ ಎಂದು ಇನ್ನೊಬ್ಬ. ಜಗಳವೇ ಹತ್ತಿಕೊಂಡಿತು.

“ಯಾರ್ದು ಸರಿ ಅಂತ ಹೆಂಗೆ ತಿಳ್ಕೊಳ್ಳಾದು?” ಟೀಚರ್ ಕೇಳಿದಳು.

“ನಮ್ದು, ಪಕ್ಕದ್ಮನೇದು ಎರಡೂ ಮಡಕೆ ನೆರಳಾಗೆ ಇಟ್ಟು ನೋಡಾಣ,” ಎಂದಳು ಬೀರಕ್ಕ.

ಮಕ್ಕಳು ಶಾಲೆಯ ಜಗಲಿಗೆ ತಂದಿಟ್ಟ ಮಡಕೆಗಳನ್ನು ಕಂಡು ಹೆಡ್‌ಮಾಸ್ಟರ್ ವೆಂಕಟರಮಣಪ್ಪ ಸಿಡುಕಿದರು. “ಏಮಮ್ಮಾ ಇದು, ಇಸ್ಕೂಲೋ ಕುಂಬಾರ್ ಬೀದಿನೋ? ಪ್ರಶ್ನೆ ಕೇಳಾದು ಇನ್ಸ್‌ಪೆಕ್ಟರ್ ಕೆಲ್ಸ. ಉತ್ತರ ಬಾಯಿಪಾಠ ಮಾಡ್ಸಾದು ನಿಂದು.”

ಬುಧವಾರ ಬಾಯಿಪಾಠ ಮಾಡಿಸಲೆಂದೇ ಸೀಮೆಸುಣ್ಣ ಹಿಡಿದಳು. ಮಕ್ಕಳು ಒಬ್ಬೊಬ್ಬರಾಗಿ ಮಡಕೆ ಮುಟ್ಟಿ ಬರುತ್ತಿದ್ದರು. ಬಣ್ಣವಿಲ್ಲದ ಮಡಕೆಯ ಮೈ ಒದ್ದೆ, ನೀಲಿಯದು ಒಣಒಣ; ನೆರಳಲ್ಲಿದ್ದರೂ ಅದರ ನೀರು ತಣ್ಣಗಾಗಿರಲಿಲ್ಲ. ಅವಳು ಸೀಮೆಸುಣ್ಣ ಕೆಳಗಿಟ್ಟಳು.

ಗುರುವಾರ ಶಂಕರಯ್ಯ ಕೇಳಿದ್ದು ಅದನ್ನೇ. “ಬಾಷ್ಪೀಭವನ ಎಂದರೇನು?”

ಬೀರಕ್ಕ ಎದ್ದಳು. “ಸಾರ್, ನೀಲಿ ಮಡಕೆ ಬೆವರಾಕಿಲ್ಲ...”

“ಪುಸ್ತಕದಲ್ಲಿರೋದು ಹೇಳು.”

ಹುಡುಗಿ ತಡವರಿಸಿ ಟೀಚರ ಮುಖ ನೋಡಿದಳು. ರಾಮಾಂಜಿನಮ್ಮ ಹೂಂ ಎಂದು ತಲೆಯಾಡಿಸಿದ್ದರೆ ಸಾಕಿತ್ತು, ತರಗತಿಗೆ ತರಗತಿಯೇ ಒಪ್ಪಿಸುತ್ತಿತ್ತು.

“ಬೀರಕ್ಕಾ, ನಿಂಗೆ ಹೆಂಗೆ ಗೊತ್ತಾಯ್ತು, ಅದ್ನ ಹೇಳು,” ಎಂದಳು.

ಹುಡುಗಿ ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ಎಲ್ಲ ಹೇಳಿದಳು. ಶಂಕರಯ್ಯ ಎರಡು ಸಲ ಗಡಿಯಾರ ನೋಡಿಕೊಂಡರು. ಹೊರಡುವಾಗ ಜಗಲಿಯಲ್ಲಿ ನಿಂತು ಎರಡೂ ಮಡಕೆ ಮುಟ್ಟಿ ನೋಡಿದರು. ವರದಿಯಲ್ಲಿ ಮಾತ್ರ ಬರೆದರು: ‘ಮಕ್ಕಳು ಚುರುಕು. ವ್ಯಾಖ್ಯೆ ಬಾರದು. ಶಿಸ್ತು ಸಾಲದು.’

ಜೂನ್‌ನ ವರ್ಗಾವಣೆ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ಆ ಶನಿವಾರ ಕಲ್ಯಾಣದುರ್ಗದಲ್ಲಿ ಗಂಡನಿಗೆ ಎಲ್ಲ ಹೇಳಿದಳು.

“ತಲೆ ಆಡ್ಸಿದ್ರೆ ಆಗೋಯ್ತಿತ್ತಲ್ಲ?” ಎಂದ ಗಂಗಣ್ಣ.

“ಆಯ್ತಿತ್ತು. ಆದ್ರೆ ಆ ಹುಡ್ಗಿ ಬಾಯಿ ಬಿಟ್ಟಿದ್ದೇ ಆ ವಾರ. ನಾನೇ ಮುಚ್ಸಾಕಾಯ್ತದಾ?”

ಅವನು ಹೊಲಿಗೆ ನಿಲ್ಲಿಸಿ ಕೇಳಿದ: “ಹಿಂದೂಪುರದಾಗೂ ಜನ ಬಟ್ಟೆ ಹೊಲಿಸ್ತಾರಲ್ವಾ?”

ತಮಾಷೆಯೋ ನಿಜವೋ ತಿಳಿಯಲಿಲ್ಲ. ಮತ್ತೆ ಮತ್ತೆ ಕೇಳಿದಳು. ಅವನು ಮಿಷನ್ ತುಳಿಯುತ್ತಲೇ ಇದ್ದ. ತಿಂಗಳುಗಟ್ಟಲೆ ಆ ಮಾತು ಅವಳನ್ನು ಕಾಡಿತು. ಆಯುಧಪೂಜೆ ಮುಗಿದ ಮರುವಾರ, ಬಸ್ಸಿನ ಟಾಪಿನಿಂದ ಹೊಲಿಗೆ ಮಿಷನ್ ಇಳಿಸಿಕೊಂಡು ಗಂಗಣ್ಣ ಅವಳ ಕೋಣೆಯ ಬಾಗಿಲು ಬಡಿದ.