ಸೇಬಿನ ಡಬ್ಬಿಯ ಅಂಚು

ಬೆಳಗ್ಗಿನಿಂದ ಮನೆಗೆಲಸದ ಗುಬ್ಬಿ ಅದೇ ಕಿಟಕಿಯ ಗಾಜನ್ನು ನಾಲ್ಕನೇ ಸಲ ಒರೆಸುತ್ತಿದ್ದಳು. ಕಣ್ಣು ಮಾತ್ರ ದೊಡ್ಡಮ್ಮನ ಮೇಜಿನ ಮೇಲೆ. ಅಲ್ಲಿ ಚಹಾ ತುಂಬಿಡುವ, ಸೇಬಿನ ಆಕಾರದ ಮರದ ಡಬ್ಬಿಯೊಂದು ಕೂತಿತ್ತು. ವಿಲಾಯಿತಿಯಲ್ಲಿ ಚಹಾದೆಲೆ ಒಡವೆಯಷ್ಟು ತುಟ್ಟಿಯಾಗಿದ್ದ ಕಾಲದ್ದು. ಆಳುಕಾಳುಗಳು ಚಿಟಿಕೆಯಷ್ಟೂ ಎಗರಿಸದಿರಲೆಂದು ಮನೆಯೊಡತಿ ಡಬ್ಬಿಗೆ ಬೀಗ ಜಡಿದು ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ಕಾಲದ್ದು. ದೊಡ್ಡಮ್ಮ ಇಂಥ ಡಬ್ಬಿಗಳನ್ನು ಮೂವತ್ತು ವರ್ಷ ಹುಡುಕಿ ಹುಡುಕಿ ಕೂಡಿಹಾಕಿದ್ದರು. ಅವರ ಕಪಾಟಿನಲ್ಲಿ ಒಂದೂ ನಕಲಿಯಿಲ್ಲ ಎಂಬ ಹೆಸರಿತ್ತು. ಇವತ್ತು ವಸ್ತುಸಂಗ್ರಹಾಲಯದ ಪರೀಕ್ಷಕರು ಹೂಂ ಅಂದರೆ ಅಷ್ಟೂ ಡಬ್ಬಿಗಳಿಗೆ ಅಲ್ಲೊಂದು ಕೋಣೆ ಸಿಗುತ್ತಿತ್ತು.

ಪರೀಕ್ಷಕರು ಮುಚ್ಚಳದ ಅಂಚಿಗೆ ಉಗುರು ತಾಗಿಸಿದರು. “ಎಷ್ಟು ಹಳೇದು ಅಂದ್ರಿ?”

“ಇನ್ನೂರು ವರ್ಷ ದಾಟಿದೆ.”

“ಅಂಚು ಮೊನ್ನೆ ಹುಟ್ಟಿದ ಹಾಗಿದೆಯಲ್ಲಮ್ಮಾ! ಇಷ್ಟು ವರ್ಷಕ್ಕೆ ಮರ ಒಣಗಿ ಒಂದು ಕಡೆ ಕುಗ್ಗುತ್ತೆ, ಮುಚ್ಚಳ ಎಲ್ಲಾದ್ರೂ ಹೊರಗೆ ಇಣುಕ್ಲೇಬೇಕು. ಇದು ನೋಡಿ, ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿದೆ. ಈಗಿನವರ ಕೈಕೆಲಸ.”

ದೊಡ್ಡಮ್ಮನ ಮುಖ ಸುಣ್ಣ ಬಳಿದಂತಾಯಿತು.

ಗುಬ್ಬಿಯ ಕೈಯಲ್ಲಿದ್ದ ಬಟ್ಟೆ ಮುದ್ದೆಯಾಯಿತು. ಬೆರಳಿಗೆ ತಡೆಯುತ್ತಿದ್ದ ಆ ಅಂಚನ್ನು ಹೋದ ವಾರ ಉಪ್ಪುಕಾಗದದಿಂದ ಉಜ್ಜಿ ಸಮ ಮಾಡಿದವಳು ಅವಳೇ. ಬಿಳುಪು ಕಂಡಲ್ಲಿ ಗಟ್ಟಿ ಚಹಾ ಬಳಿದಿದ್ದಳು. ದೊಡ್ಡಮ್ಮ ನೋಡಿ ಭೇಷ್ ಅನ್ನಲಿ ಎಂಬ ಆಸೆ. ಹೊರಗಿನವರೆದುರು ಬಾಯಿಬಿಟ್ಟವಳೇ ಅಲ್ಲ ಅವಳು. ಈಗಲೂ ಸುಮ್ಮನಿದ್ದರೆ ಯಾರಿಗೂ ಗೊತ್ತಾಗದು. ಕಾಲು ಮಾತ್ರ ಮೇಜಿನ ಕಡೆಗೆ ನಡೆದಿತ್ತು.

ಪರೀಕ್ಷಕರು ಹೊರಡಲೆಂದು ಚೀಲದ ಜಿಪ್ ಎಳೆದರು.

“ನಾನೇ ಉಜ್ಜಿದ್ದು.”

ಇಬ್ಬರೂ ತಿರುಗಿದರು.

“ಒಂದು ಕಡೆ ಉಬ್ಬಿತ್ತು... ನೀಟಾಗ್ಲಿ ಅಂತ. ಆಮೇಲೆ ಚಹಾ ಬಳಿದೆ. ಡಬ್ಬಿ ಬಾಯಿ ಮುಟ್ಟಿಲ್ಲ. ಅಳೆದು ನೋಡಿ ಬೇಕಾದ್ರೆ.”

ಪರೀಕ್ಷಕರು ಒದ್ದೆ ಬೆರಳಿನಿಂದ ಅಂಚನ್ನು ತಿಕ್ಕಿ ಮೂಸಿದರು. “ಸಕ್ಕರೆ ಹಾಕಿಲ್ಲ ತಾನೆ?” ಎಂದವರು ಡಬ್ಬಿಯ ಬಾಯಿಗೆ ಅಳತೆಪಟ್ಟಿ ಇಟ್ಟರು, ಅಡ್ಡಕ್ಕೊಮ್ಮೆ, ಉದ್ದಕ್ಕೊಮ್ಮೆ. ಕೂದಲೆಳೆಯಷ್ಟಲ್ಲ, ಎರಡು ನೂಲು, ಅಂದರೆ ಕಾಲಿಂಚು ವ್ಯತ್ಯಾಸವಿತ್ತು; ದುಂಡಗಿದ್ದ ಬಾಯಿ ಒಂದು ಕಡೆ ಕುಗ್ಗಿತ್ತು.

“ಡಬ್ಬಿ ಹಳೇದೇ. ಮುಚ್ಚಳಕ್ಕೆ ಮಾತ್ರ ಇವಳು ಪ್ರಾಯ ಬರಿಸಿದ್ದಾಳೆ. ಅಂಚು ಕೆಡಿಸಿದ್ದು ಅಂತ ಬರ್ಕೊಳ್ತೀನಿ. ಉಳಿದದ್ದನ್ನೂ ಒಂದೊಂದಾಗಿ ನೋಡ್ಬೇಕಾಗುತ್ತೆ.”

ದೊಡ್ಡಮ್ಮ ಹಿಡಿದಿದ್ದ ಉಸಿರು ಬಿಟ್ಟರು. ಆಮೇಲೆ ಮೆಲ್ಲಗೆ, ತೀರಾ ಮೆಲ್ಲಗೆ ಕೇಳಿದರು: “ಇನ್ನೂ ಯಾವ್ಯಾವುದು ಉಜ್ಜಿದ್ದೀಯೇ, ನನ್ನ ತಾಯೀ?”

ಗುಬ್ಬಿ ಬೆರಳೆತ್ತಿದಳು. ಅದು ಕಪಾಟಿನ ಎರಡನೇ ಸಾಲಿನ ಹಿತ್ತಾಳೆ ಪಟ್ಟಿಯ ಡಬ್ಬಿಯ ಮೇಲೆ ನಿಂತಿತು. ಆಮೇಲೆ ಅದರ ಪಕ್ಕಕ್ಕೆ ಸರಿಯಿತು.