ಎದೆಗೇ ಬರುವ ಚೆಂಡು

ಶಾಲೆಯಲ್ಲಿ ಟೀಚರ್ ಒಬ್ಬೊಬ್ಬರನ್ನೇ ಎಬ್ಬಿಸಿ, ನಿಮ್ಮಪ್ಪ ಏನು ಕೆಲಸ ಮಾಡುತ್ತಾರೆ ಎಂದು ಕೇಳಿದರಂತೆ. ನನ್ನ ಮಗಳು ಎದ್ದು ನಿಂತು, "ನಮ್ಮಪ್ಪ ಫುಟ್‌ಬಾಲ್ ಕ್ಲಬ್ಬಲ್ಲಿ ಕೂತ್ಕೋತಾರೆ" ಅಂದಳಂತೆ. ಕ್ಲಾಸಿಗೆ ಕ್ಲಾಸೇ ನಕ್ಕಿತಂತೆ. ಮನೆಗೆ ಬಂದವಳು ಅಳಲಿಲ್ಲ. "ಯಾಕಮ್ಮಾ ನಕ್ರು?" ಅಂತ ಕೇಳಿದಳು. ಅದಕ್ಕಿಂತ ಅತ್ತಿದ್ದರೇ ಚೆನ್ನಾಗಿತ್ತು.

ಏಳು ವರ್ಷದ ಹುಡುಗಿ ಕಣ್ಣಲ್ಲಿ ಕಂಡದ್ದನ್ನು ಹೇಳಿದ್ದಳು, ಅಷ್ಟೇ. ನಮ್ಮವರು ಗೋಲ್‌ಕೀಪರ್, ಅದರಲ್ಲೂ ಬೆಂಚಿನ ಮೇಲೆ ಕೂತು ಕಾಯುವ ಎರಡನೇ ಗೋಲ್‌ಕೀಪರ್. ಹುಟ್ಟಿದ ದೇಶ ಬಿಟ್ಟು ಹನ್ನೊಂದು ವರ್ಷ, ಮೂರು ದೇಶ, ಮೂರು ಕ್ಲಬ್ಬು. ಬೇರೆ ಆಟಗಾರರಾದರೆ ಸುಸ್ತಾದರೂ ಬದಲಾಯಿಸುತ್ತಾರೆ. ಗೋಲ್‌ಕೀಪರನ್ನು ಬದಲಾಯಿಸಬೇಕಾದರೆ ಅವನ ಕೈ ಮುರಿಯಬೇಕು, ಇಲ್ಲವೇ ರೆಫ್ರಿ ಅವನನ್ನು ಹೊರಗಟ್ಟಬೇಕು. ಇಷ್ಟು ವರ್ಷದಲ್ಲಿ ಇವರಿಗೆ ಸಿಕ್ಕದ್ದು ಒಂಬತ್ತು ಆಟ. ಕೊನೆಯದನ್ನು ಆಡಿದಾಗ ಮಗಳು ತೊಟ್ಟಿಲಲ್ಲಿದ್ದಳು. ಈ ಕ್ಲಬ್ಬಿಗೆ ಬಂದು ನಾಲ್ಕು ವರ್ಷವಾಯಿತು, ಒಂದೂ ಇಲ್ಲ. "ತಾಳಿದವನು ಬಾಳಿಯಾನು" ಅನ್ನುತ್ತಿದ್ದರು ಇವರು. "ತಾಳಿ ತಾಳಿ ತಲೆ ಬೋಳಾಯ್ತು, ಇನ್ಯಾವಾಗ ಬಾಳೋದು?" ಅನ್ನುತ್ತಿದ್ದೆ ನಾನು.

ಮೊದಲನೇ ಗೋಲ್‌ಕೀಪರ್ ಆ ಊರಿನವನೇ, ಇವರಿಗಿಂತ ಹತ್ತು ವರ್ಷ ಚಿಕ್ಕವನು. ತಲೆ ಬಗ್ಗಿಸದೆ ನಮ್ಮ ಮನೆ ಬಾಗಿಲು ದಾಟಲಾರ, ಹಾಗಾಗಿ ನಾನಿಟ್ಟ ಹೆಸರು ಏಣಿ. ನಮ್ಮ ಭಾಷೆಯಲ್ಲಿ ಅವನಿಗೆ ಬರುತ್ತಿದ್ದದ್ದು ಎರಡೇ ಮಾತು, ಅಣ್ಣ ಮತ್ತು ಅತ್ತಿಗೆ. ಇವರೇ ಕಲಿಸಿದ್ದು. ಅವನು ಅತ್ತಿಗೆ ಅಂದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತಿತ್ತು. ಒಳ್ಳೆಯ ಹುಡುಗ, ಅದೇ ಕಷ್ಟ. ಬೈಯೋಣವೆಂದರೆ ಒಂದು ಕಾರಣವೂ ಸಿಗುತ್ತಿರಲಿಲ್ಲ.

ಪ್ರತಿ ಆಟಕ್ಕೂ ಮುಂಚೆ ಇವರಿಗೊಂದು ಕೆಲಸವಿತ್ತು. ಖಾಲಿ ಮೈದಾನದಲ್ಲಿ ಏಣಿ ಗೋಲಿನ ಮುಂದೆ ನಿಲ್ಲುತ್ತಿದ್ದ, ಇವರು ಎದುರು ನಿಂತು ಅವನ ಕಡೆಗೆ ಚೆಂಡು ಒದೆಯುತ್ತಿದ್ದರು. ಮೂಲೆಗಲ್ಲ, ಕಾಲ ಬುಡಕ್ಕಲ್ಲ, ನೇರ ಎದೆಗೆ. ಹಸುಗೂಸನ್ನು ಕೈಗಿಟ್ಟಷ್ಟು ಮೆತ್ತಗೆ. ಏಣಿ ಒಂದನ್ನೂ ಬಿಡುತ್ತಿರಲಿಲ್ಲ. ಅಂಥ ಚೆಂಡನ್ನು ನಾನೂ ಬಿಡುತ್ತಿರಲಿಲ್ಲ ಎಂದು ಗ್ಯಾಲರಿಯಲ್ಲಿ ಕೂತು ಹಲ್ಲು ಕಡಿಯುತ್ತಿದ್ದೆ.

ಒಂದು ಭಾನುವಾರ ಬಚ್ಚಲಲ್ಲಿ ಇವರ ಗ್ಲೌಸು ತೊಳೆಯುತ್ತಿದ್ದೆ. ಅದನ್ನು ಮೆಷಿನ್ನಿಗೆ ಹಾಕುವಂತಿಲ್ಲ. ಉಗುರುಬೆಚ್ಚಗಿನ ನೀರಿನಲ್ಲಿ, ಮಗುವಿನ ಶಾಂಪೂ ಹಾಕಿ, ಅಂಗೈಯ ರಬ್ಬರು ಕಿತ್ತುಬರದ ಹಾಗೆ ಹಿಂಡಬೇಕು. ಹಿಂಡುತ್ತಾ ಹಿಂಡುತ್ತಾ ಸಿಟ್ಟು ನೆತ್ತಿಗೇರಿತು.

"ಒಂದೇ ಒಂದು ಸಲ ಜೋರಾಗಿ ಒದೀರಿ. ಅವನ ಒಂದು ಬೆರಳು ಉಳುಕಲಿ. ಒಂದೇ ಒಂದು ಆಟ ನಿಮಗೆ ಸಿಗಲಿ. ಮಗಳು ನೋಡಲಿ."

ಬಚ್ಚಲ ಬಾಗಿಲಲ್ಲಿ ನಿಂತಿದ್ದ ಇವರ ಮುಖದಲ್ಲಿದ್ದ ನಗು ಹೋಯಿತು. "ಒಳಗೆ ಹೋಗೋನಿಗೆ ಚೆಂಡು ನನ್ನ ಕೈಗೇ ಬರುತ್ತೆ ಅನ್ನೋ ಧೈರ್ಯ ಬೇಕು ಕಣೇ. ಅದನ್ನ ಕೊಡೋದೇ ನನ್ನ ಕೆಲಸ."

"ನಿಮಗ್ಯಾರು ಕೊಡ್ತಾರೆ?"

ಇವರು ಒದ್ದೆ ಗ್ಲೌಸು ತೆಗೆದುಕೊಂಡು ಹೋಗಿ ಬಾಲ್ಕನಿಯಲ್ಲಿ ಕ್ಲಿಪ್ಪು ಹಾಕಿದರು.

ಆ ವರ್ಷ ಇವರ ಭುಜ ಕೈಕೊಟ್ಟಿತು. ಮೂವತ್ತೇಳು ವಯಸ್ಸು, ಕ್ಲಬ್ಬಿನವರು ಮುಂದಿನ ವರ್ಷಕ್ಕೆ ಬೇಡವೆಂದರು. ಊರಿಗೆ ಹೊರಡುವ ದಿನವೂ ಗೊತ್ತಾಯಿತು, ಅರ್ಧ ಮನೆ ಪೆಟ್ಟಿಗೆಗೆ ಸೇರಿತು. ಉಳಿದದ್ದು ಎರಡೇ ಆಟ. ಕೊನೆಯದನ್ನಾದರೂ ಕೊಡಿ ಅಂತ ಕೇಳಿ ಎಂದು ಇವರನ್ನು ದಬ್ಬಿ ಕೋಚ್ ಹತ್ತಿರ ಕಳಿಸಿದೆ. ಮೊದಲನೆಯವನು ಗಟ್ಟಿಮುಟ್ಟಾಗಿರುವಾಗ ಗೋಲ್‌ಕೀಪರನ್ನು ಬದಲಾಯಿಸುವುದಿಲ್ಲ, ಅದು ನನ್ನ ನಿಯಮ ಎಂದನಂತೆ ಕೋಚ್. ಇವರು ಹೋದಷ್ಟೇ ಬೇಗ ವಾಪಸ್ಸು ಬಂದು, ಅಡುಗೆಮನೆಯ ಪಾತ್ರೆಗಳನ್ನು ಪೇಪರಿನಲ್ಲಿ ಸುತ್ತತೊಡಗಿದರು.

ಕೊನೆಯದಕ್ಕೆ ಹಿಂದಿನ ಆಟದಲ್ಲಿ ನಮ್ಮ ಕ್ಲಬ್ಬಿನವರು ಮೂರು ಗೋಲು ಮುಂದಿದ್ದರು. ಐದು ನಿಮಿಷ ಬಾಕಿ. ಏಣಿ ಗೋಲಿನ ಮುಂದೆ ಚೆಂಡಿಟ್ಟು ಒದೆಯಬೇಕಿತ್ತು. ಇಟ್ಟ. ತೆಗೆದ. ಇನ್ನೊಂದು ಮೂಲೆಗೆ ಹೋಗಿ ಇಟ್ಟ. ಕೂತು ಬಲಗಾಲಿನ ಲೇಸು ಬಿಚ್ಚಿ ಕಟ್ಟಿದ. ರೆಫ್ರಿ ಸೀಟಿ ಊದಿ ಎಚ್ಚರಿಸಿದ. ಏಣಿ ತಲೆಯಾಡಿಸಿ ಎಡಗಾಲಿನ ಲೇಸಿಗೆ ಕೈಹಾಕಿದ. ಸೋಲುವ ಭಯವಿದ್ದವನು ಹೊತ್ತು ಕಳೆಯುತ್ತಾನೆ, ಮೂರು ಗೋಲು ಮುಂದಿರುವವನಿಗೇನು ಬಂತು ಕೇಡು? ರೆಫ್ರಿ ಓಡಿ ಬಂದು ಹಳದಿ ಕಾರ್ಡು ತೋರಿಸಿದ. ಕೋಚ್ ನೀರಿನ ಬಾಟಲಿ ಎತ್ತಿ ನೆಲಕ್ಕೆ ಅಪ್ಪಳಿಸಿದ.

"ಇವನಿಗೆ ಬುದ್ಧಿ ಮೊಣಕಾಲಲ್ಲಿದೆ" ಎಂದು ನಾನು ನಕ್ಕೆ. ಆಮೇಲೆ ಹೊಳೆಯಿತು. ಆ ವರ್ಷ ಅದು ಅವನ ಐದನೇ ಕಾರ್ಡು. ಐದಾದರೆ ಮುಂದಿನ ಆಟಕ್ಕೆ ಇಳಿಯುವಂತಿಲ್ಲ.

ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ, ಇಲ್ಲಿ ಪೂಜಾರಿಯ ಕೈ ಕಟ್ಟಿಹೋಗಿತ್ತು. ನನಗೆ ಕುಣಿಯುವಷ್ಟು ಖುಷಿ. ಏಣಿಯ ದಡ್ಡತನಕ್ಕೆ ಮನಸ್ಸಿನಲ್ಲೇ ಕೈಮುಗಿದೆ. ಬೆಂಚಿನ ಮೇಲೆ ಇವರು ಮಾತ್ರ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದರು.

ಕೊನೆಯ ಆಟದ ಮಧ್ಯಾಹ್ನ, ಒಂದು ಸಲವೂ ತೊಡದ ಹೊಸ ಗ್ಲೌಸನ್ನು ಮಗಳೇ ಡಬ್ಬದಿಂದ ತೆಗೆದಳು. ಒಣಗಿದ್ದರೆ ಚೆಂಡು ಜಾರುತ್ತದೆ ಎಂದು ಅಂಗೈಗೆ ನೀರು ಚಿಮುಕಿಸಿ ಕೊಟ್ಟಳು. "ಕೂತ್ಕೋಬೇಡಿ ಆಯ್ತಾ ಅಪ್ಪ?" ಅಂದಳು. ಇವರು ಇಲ್ಲ ಎಂದು ತಲೆಯಾಡಿಸಿದರು.

ನಾವಿಬ್ಬರೂ ಬೇಗ ಹೋಗಿ ಗ್ಯಾಲರಿಯಲ್ಲಿ ಕೂತೆವು. ಇವರು ಗೋಲಿನ ಮುಂದೆ ಬಂದು ನಿಂತರು. ಭುಜಕ್ಕೆ ಪಟ್ಟಿ, ನಡಿಗೆಯಲ್ಲಿ ಅಳುಕು. ಏಳು ವರ್ಷದಿಂದ ನಿಜವಾದ ಆಟ ಆಡದ ಮನುಷ್ಯ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂಬ ಗಾದೆ ನೆನಪಾಗಿ ಹೆದರಿದೆ. ಆಗ ಆಟಗಾರರು ಬರುವ ಬಾಗಿಲಿನಿಂದ ತಲೆ ಬಗ್ಗಿಸಿಕೊಂಡು ಏಣಿ ಬಂದ. ಮನೆ ಬಟ್ಟೆ, ಮಾಮೂಲಿ ಶೂ. ಆಟ ಶುರುವಾಗುವವರೆಗೆ ಮೈದಾನದಲ್ಲಿರಲು ಅವನಿಗೆ ಅಡ್ಡಿಯಿರಲಿಲ್ಲ. ಇವರ ಎದುರು, ಇವರು ನಾಲ್ಕು ವರ್ಷ ನಿಂತ ಅದೇ ಜಾಗದಲ್ಲಿ ನಿಂತು ಚೆಂಡು ಒದೆದ.

ಎದೆಗೆ. ಮೆತ್ತಗೆ.

ಇನ್ನೊಂದು, ಮತ್ತೆ ಎದೆಗೆ. ಮೂರನೆಯದಕ್ಕೆ ಇವರ ಭುಜ ಸಡಿಲವಾಯಿತು. ಹತ್ತನೆಯದಕ್ಕೆ ಇವರು ನಕ್ಕರು. ನಿಮಗ್ಯಾರು ಕೊಡ್ತಾರೆ ಎಂದು ಬಚ್ಚಲಲ್ಲಿ ಕೇಳಿದ್ದೆನಲ್ಲ, ಉತ್ತರ ಕಣ್ಣೆದುರಿಗೇ ಇತ್ತು. ಆ ಹಳದಿ ಕಾರ್ಡಿನ ಅರ್ಥವೂ ನನಗೆ ಆಗಲೇ ಆಯಿತು. ಕಣ್ಣಲ್ಲಿ ನೀರು ತುಂಬಿ, ಮೈದಾನವೆಲ್ಲ ಮಂಜಾಯಿತು.

ಆಟಕ್ಕೆ ಮುಂಚೆ ಏಣಿ ಗ್ಯಾಲರಿಗೆ ಬಂದು ನಮ್ಮ ಪಕ್ಕದ ಸೀಟಿನಲ್ಲಿ ಕೂತ. ಆ ಊರಿನ ಭಾಷೆಯಲ್ಲಿ ಕೇಳಿದೆ:

"ಆ ಕಾರ್ಡು ಬೇಕೂಂತಲೇ ತಗೊಂಡ್ಯಾ?"

"ಲೇಸು ಬಿಚ್ಚಿತ್ತು ಅತ್ತಿಗೆ."

"ಎರಡೂ ಕಾಲಿಂದಾ?"

"ಎರಡೂ ಕಾಲಿಂದು." ಮುಖದಲ್ಲಿ ನಗುವೂ ಇಲ್ಲ.

ನನಗೆ ತಡೆಯಲಾಗಲಿಲ್ಲ. "ನಿನ್ನ ಬೆರಳು ಉಳುಕಲಿ ಅಂತ ನಾನು ಬಯಸಿದ್ದೆ ಕಣಪ್ಪಾ. ಇವರಿಗೆ ಬಾಯಿಬಿಟ್ಟು ಹೇಳಿದ್ದೆ ಕೂಡ."

"ಗೊತ್ತು. ಅಣ್ಣ ಹೇಳಿ ನಕ್ಕಿದ್ರು." ಅವನು ತನ್ನ ಹತ್ತೂ ಬೆರಳು ಬಿಡಿಸಿ ನೋಡಿಕೊಂಡ. "ಬೆರಳು ಕೊಡೋಕಾಗಲ್ಲ ಅತ್ತಿಗೆ, ಹೊಟ್ಟೆಪಾಡು. ಅದಕ್ಕೇ ಕಾರ್ಡು ಕೊಟ್ಟೆ."

ನಾಚಿಕೆಯಿಂದ ನನ್ನ ತಲೆ ತಗ್ಗಿತು. ಅವನು ಮಗಳ ಕೈಯಲ್ಲಿದ್ದ ಬಿಸ್ಕತ್ತಿನ ಪೊಟ್ಟಣದಿಂದ ಒಂದು ತೆಗೆದುಕೊಂಡು ತಿಂದ.

ಆ ಆಟ ನಾವು ಒಂದಕ್ಕೆ ಎರಡು ಗೋಲಿನಿಂದ ಸೋತೆವು. ಇವರು ನಾಲ್ಕು ಚೆಂಡು ಹಿಡಿದರು. ಒಂದಕ್ಕಂತೂ ನೋವಿನ ಭುಜದ ಮೇಲೇ ಬಿದ್ದು, ಅಪ್ಪಿಕೊಂಡು ಎದ್ದರು. ಬಿಟ್ಟ ಎರಡರಲ್ಲಿ ಒಂದನ್ನು ಹಿಡಿಯಬಹುದಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಸೀಟಿ ಊದಿದ ಮೊದಲ ನಿಮಿಷದಿಂದ ಮಗಳು ಕುರ್ಚಿಯ ಮೇಲೆ ಹತ್ತಿ ನಿಂತವಳು ಇಳಿಯಲೇ ಇಲ್ಲ. ಹಿಂದಿನ ಸಾಲಿನಲ್ಲಿದ್ದ ಒಬ್ಬ ಹಿರಿಯರು ಕಾಣಿಸುತ್ತಿಲ್ಲ, ಕೂತ್ಕೋ ಮರಿ ಎಂದರು.

ಅವಳು ತಿರುಗಿಯೂ ನೋಡದೆ ಹೇಳಿದಳು: "ಇವತ್ತು ನಮ್ಮಪ್ಪ ಕೂತಿಲ್ಲ. ನಾನೂ ಕೂರಲ್ಲ."

ಏಣಿ ಮುಂದೆ ಬಾಗಿ, ಅವಳು ಬೀಳದ ಹಾಗೆ ಎರಡೂ ಕೈಯಿಂದ ಅವಳ ಕಾಲು ಹಿಡಿದುಕೊಂಡ. ಆಟ ಮುಗಿಯುವವರೆಗೂ ಬಿಡಲಿಲ್ಲ.