ಕೂಸಿನ ತಲೆಗೆ ನೀರು

ನನ್ನ ಬಾಯಿ ದೊಡ್ಡದು ಅಂತ ಇಡೀ ಲಷ್ಕರ್ ಮೊಹಲ್ಲಾಗೇ ಗೊತ್ತು. ಅಲ್ಲಿನ ಒಂದು ನರ್ಸಿಂಗ್ ಹೋಂನಲ್ಲಿ ಇಪ್ಪತ್ತಾರು ವರ್ಷ ಆಯಾ ಆಗಿದ್ದೆ. ದೊಡ್ಡ ದೊಡ್ಡ ಡಾಕ್ಟರಿಗೇ ಎದುರು ಮಾತಾಡಿದವಳು ಈ ಪುಟ್ಟಬಸಮ್ಮ. ಅಂಥವಳು ಐದು ತಿಂಗಳಿಂದ ಒಂದು ಮಾತನ್ನ ಹೊಟ್ಟೇಲಿಟ್ಕೊಂಡು ಒದ್ದಾಡ್ತಿದೀನಿ ಅಂದ್ರೆ ಯಾರು ನಂಬ್ತಾರೆ?

ಕೂಸಿನ ಹೆಸರು ಜೋಯೆಲ್. ಹುಟ್ಟಿದ ಮೂರನೇ ದಿನ ಮಟಮಟ ಮಧ್ಯಾಹ್ನ, ಉಸಿರು ಕಟ್ಟಿ ನೀಲಿಗೆ ತಿರುಗ್ಬುಡ್ತು. ನರ್ಸು ಡಾಕ್ಟರನ್ನ ಕರೆಯೋಕೆ ಓಡಿದ್ಲು. ಕೂಸಿನ ಅಪ್ಪ ಅಮರೇಶ ಆಂಬುಲೆನ್ಸ್ ಅಂತ ಕೆಳಗೆ ಓಡಿದ. ರೂಮಲ್ಲಿ ಉಳಿದಿದ್ದು ಬಾಣಂತಿ ಲೂರ್ದು, ನಾನು, ಇಬ್ರೇ. ಅವಳು ನನ್ನ ಮಣಿಕಟ್ಟು ಹಿಡ್ಕೊಂಡು, "ಬಸಮ್ಮಕ್ಕ, ನೀರು ಹಾಕಿ. ನಿಮಗೆ ಮಾತು ಗೊತ್ತಲ್ಲ" ಅಂದ್ಲು.

ಗೊತ್ತಿತ್ತು. ಹಿಂದೆ ಅಲ್ಲಿದ್ದ ಒಬ್ಬ ವಯಸ್ಸಾದ ಸಿಸ್ಟರ್ ಕಲಿಸಿದ್ರು. ಕ್ರೈಸ್ತರ ಕೂಸು ಉಳಿಯಲ್ಲ ಅನ್ನಿಸ್ತು, ಫಾದರ್ ಬರೋಷ್ಟು ಹೊತ್ತಿಲ್ಲ, ಆಗ ಯಾರು ಬೇಕಾದ್ರೂ ತಲೆಗೆ ಮೂರು ಸಲ ನೀರು ಹಾಕಿ ಜ್ಞಾನಸ್ನಾನ ಕೊಡಬೋದಂತೆ. ಅದಿಲ್ದೆ ಹೋದ ಕೂಸಿನ ಆತ್ಮಕ್ಕೆ ಗತಿ ಇಲ್ಲ ಅಂತ ಅವರ ಭಯ. "ನಾನು ಮಾದಪ್ಪನ ಒಕ್ಕಲು ಕಣ್ರೀ ಸಿಸ್ಟರ್" ಅಂದಿದ್ದೆ. "ಇರಲಿ, ಮಾತು ಮಾತ್ರ ತಪ್ಪಬೇಡ" ಅಂದ್ರು. ಆಮೇಲೆ ಎಷ್ಟೋ ಕೂಸುಗಳಿಗೆ ಹಾಕಿದೀನಿ. ಒಂದೂ ಉಳೀಲಿಲ್ಲ. ಕಣ್ಣೊರೆಸ್ಕೊಂಡು ಬಟ್ಟೆ ಸುತ್ತಿ ಕೊಡೋದು, ಅಲ್ಲಿಗೆ ನನ್ನ ಕೆಲಸ ಮುಗೀತಿತ್ತು.

ಇದಕ್ಕೂ ಹಾಕಿದೆ. ಪಿತನ, ಸುತನ, ಪವಿತ್ರಾತ್ಮರ ಹೆಸರು ಹೇಳಿ ಮೂರು ಸಲ ಹಾಕಿದೆ. ಡಾಕ್ಟರು ಬಂದ್ರು, ದೊಡ್ಡಾಸ್ಪತ್ರೆಗೆ ಕಳಿಸಿದ್ರು, ಕೂಸು ಉಳ್ಕೊಂಡ್ಬುಡ್ತು!

ಹದಿನೈದು ದಿನ ಆದ್ಮೇಲೆ ನೋಡೋಕೆ ಹೋದ್ರೆ ಲೂರ್ದು ಬಾಗಿಲು ಹಾಕಿ, ನನ್ನ ಕೈ ಎತ್ತಿ ಕೂಸಿನ ತಲೆ ಮೇಲಿಟ್ಲು. "ನಮ್ಮ ಯಜಮಾನ್ರಿಗೆ ಹೇಳಲ್ಲ ಅಂತ ಆಣೆ ಮಾಡಿ."

ಅಮರೇಶ ನಮ್ಮಂಗೇ ಮಾದಪ್ಪನ ಒಕ್ಕಲು ಮನೆಯೋನು. ಇಪ್ಪತ್ತೇಳನೇ ವಯಸ್ಸಿಗೆ ತಾನಾಗೇ ಕ್ರೈಸ್ತರ ಒಂದು ಸಭೆ ಸೇರಿ, ಹೊಳೇಲಿ ಮುಳುಗಿ ಜ್ಞಾನಸ್ನಾನ ತಗೊಂಡೋನು, ಅವರು ಅದನ್ನ ದೀಕ್ಷಾಸ್ನಾನ ಅಂತಾರೆ. ಅಪ್ಪ ಮನೆಯಿಂದ ಆಚೆ ಹಾಕಿದ್ರೂ ಬಗ್ಗಲಿಲ್ಲ. ತಿಳುವಳಿಕೆ ಬಂದೋರು ತಾವೇ ಬೇಕು ಅಂತ ತಗೋಬೇಕು, ಕೂಸಿಗೆ ಕೊಡೋದು ಅಂದ್ರೆ ಅದರ ಬಾಯಲ್ಲಿ ನಾವು ಮಾತಾಡ್ದಂಗೆ, ಅಂತಾನೆ. ಲೂರ್ದು ಕಡೆಯವರು ಕಥೋಲಿಕರು, ಹುಟ್ಟಿದ ತಿಂಗಳೊಳಗೆ ಕೂಸಿಗೆ ಕೊಡಿಸೋರು. ಮಕ್ಕಳಾದ್ರೆ ಅವಕ್ಕೆ ಕೊಡಿಸಲ್ಲ ಅಂತ ಮದುವೆಗೆ ಮುಂಚೆನೇ ಇವಳು ಮಾತು ಕೊಟ್ಟಿದ್ಲು. ಮಾತು ತಪ್ಪಿದ ಅಂತ ಅಮರೇಶ ಸ್ವಂತ ಅಣ್ಣನ ಹತ್ರನೇ ನಾಲ್ಕು ವರ್ಷದಿಂದ ಮಾತು ಬಿಟ್ಟವ್ನೆ. ಇನ್ನು ಹೆಂಡತೀನ ಸುಮ್ನೆ ಬಿಡ್ತಾನಾ?

ನಾನೋ, ಪೆದ್ದಿ. "ಹೇಳಿದ್ರೆ ಈ ಕೂಸಿಗೇ ತಟ್ಟಲಿ" ಅಂದ್ಬುಟ್ಟೆ. ಎಂಥಾ ಮಾತಂದೆ ನೋಡಿ! ನಾನು ನೀರು ಹಾಕಿದ್ರಲ್ಲಿ ಉಳಿದಿದ್ದು ಇದೊಂದೇ, ಅದರ ತಲೆ ಮೇಲೇ ಆಣೆ.

ಆಮೇಲೆ ರಾಜೀವನಗರದ ಅವರ ಮನೇಲಿ ಕೂಸಿಗೆ ಎಣ್ಣೆ ಹಚ್ಚಿ ನೀರು ಹಾಕೋ ಕೆಲಸಕ್ಕೆ ನನ್ನನ್ನೇ ಕರೆದ್ರು. ಮೊದಲನೇ ದಿನನೇ ಅಮರೇಶ ಪಕ್ಕಕ್ಕೆ ಕರೆದು, "ಪುಟ್ಟಬಸಮ್ಮಾರೆ, ನೀವು ಆ ಕಡೆನೂ ಅಲ್ಲ ಈ ಕಡೆನೂ ಅಲ್ಲ. ನಮ್ಮತ್ತೆ ಗುಟ್ಟಾಗಿ ಏನಾದ್ರೂ ಮಾಡ್ಬುಡ್ತಾರೆ. ಕೂಸಿನ ಮೇಲೆ ಒಂದು ಕಣ್ಣಿಟ್ಟಿರಿ" ಅಂದ. ಕಾವಲಿಗೆ ನಾನು!

ಅವನು ಅತ್ತ ಆಫೀಸಿಗೆ ಹೋದ್ರೆ, ಇತ್ತ ಅವನತ್ತೆ ತೆರೇಸಮ್ಮ ಬಚ್ಚಲ ಬಾಗಿಲಿಗೆ ಬರೋರು. "ಹೆಂಗೂ ಚೊಂಬು ಕೈಲಿದೆ ಕಣೇ, ಆ ಮಾತೂ ಹೇಳ್ಬುಡು. ಯಾರಿಗೆ ಗೊತ್ತಾಗುತ್ತೆ?" ಒಂದು ದಿನ ಬೈದ್ರು, ಒಂದು ದಿನ ಸೀರೆ ಕೊಡ್ತೀನಿ ಅಂದ್ರು. ಕೊನೆಗೆ ಊಟನೇ ಬಿಟ್ರು. ಆಗೋಯ್ತು ಕಣ್ರಮ್ಮ, ನೆಮ್ಮದಿಯಾಗಿ ಉಣ್ಣಿ, ಅಂತ ಒಂದು ಮಾತು ಹೇಳಿದ್ರೆ ಮುಗೀತಿತ್ತು. ಹೇಳೋ ಹಂಗಿಲ್ಲ. ಅವರಿಗೆ ಹೇಳಿದ್ದು ಸಂಜೆಯೊಳಗೆ ಚರ್ಚಿನ ಅಂಗಳಕ್ಕೆಲ್ಲ ಗೊತ್ತಾಗುತ್ತೆ.

ಲೂರ್ದು ಹತ್ರ ಅತ್ತೂ ಕೇಳ್ದೆ. "ನೀನೇ ಹೇಳ್ಬುಡವ್ವ, ನನ್ನ ಕೈಲಾಗ್ತಿಲ್ಲ."

"ನೀರು ಹಾಕ್ಸಿದ್ದನ್ನ ಕ್ಷಮಿಸ್ತಾರೇನೋ ಅಕ್ಕ. ಐದು ತಿಂಗಳು ಮುಚ್ಚಿಟ್ಟಿದ್ದನ್ನ ಕ್ಷಮಿಸಲ್ಲ" ಅಂದ್ಲು. ದಿನ ಹೋದಷ್ಟೂ ಗಂಟು ಬಿಗಿಯಾಗ್ತಿತ್ತೇ ಹೊರತು ಸಡಿಲಾಗಲಿಲ್ಲ.

ಮೊನ್ನೆ ಶನಿವಾರ ಕೂಸಿಗೆ ಜ್ವರ ಬಂದಿತ್ತು. ನೀರು ಹಾಕೋದು ಬಿಟ್ಟು, ಬಚ್ಚಲಲ್ಲಿ ಕೂತು ಒದ್ದೆ ಬಟ್ಟೇಲಿ ಬರೀ ಮೈ ಒರೆಸ್ತಿದ್ದೆ. ಅಮರೇಶ ಬಂದು ಬಚ್ಚಲ ಹೊಸ್ತಿಲ ಮೇಲೆ ಕೂತ್ಕೊಂಡ.

"ಅವತ್ತು ಆಸ್ಪತ್ರೇಲಿ ಯಾರೂ ಇದಕ್ಕೆ ನೀರು ಹಾಕ್ಲಿಲ್ಲ, ಅಲ್ವಾ?"

ತಲೆ ಮುಟ್ಟಿ ಆಣೆ ಮಾಡಿದೀನಿ, ಕೂಸಿಗೆ ನೋಡಿದ್ರೆ ಜ್ವರ. "ಇಲ್ಲಪ್ಪ, ಯಾರೂ ಹಾಕ್ಲಿಲ್ಲ" ಅಂದೆ.

ಅವನು ಮುಖ ಮುಚ್ಕೊಂಡು ಅತ್ತ. ಗಂಡಸು ಅಂಗೆ ಅಳೋದು ನೋಡಕ್ಕಾಗಲ್ಲ. "ಅವತ್ತು ಆಂಬುಲೆನ್ಸಿಗೆ ಅಂತ ಮೆಟ್ಲು ಇಳೀತಾ, ದೇವರೇ ಯಾರಾದ್ರೂ ಹಾಕ್ಲಿ ಅಂದ್ಕೊಂಡೆ ಅಮ್ಮ. ನನ್ನ ಹಟಕ್ಕೆ ಕೂಸನ್ನ ಬರಿಗೈಲಿ ಕಳಿಸ್ತಿದೀನಲ್ಲ ಅನ್ನಿಸ್ತು. ಈಗ್ಲೂ ನನ್ನ ಮಾತೇ ಸರಿ ಅಂತೀನಿ. ಆದ್ರೆ ಅದು ಒಂದ್ಸಲ ಕೆಮ್ಮಿದ್ರೂ ಇದೇ ನೆನಪಾಗುತ್ತೆ."

ಅಯ್ಯೋ ಶಿವನೇ! ಹಾಕಿದೀನಿ ಕಣಪ್ಪ, ಈ ಕೈಯಲ್ಲೇ ಹಾಕಿದೀನಿ ಅಂತ ಕೂಗ್ಬೇಕು ಅನ್ನಿಸ್ತು. ಮಡಿಲಲ್ಲಿ ಕೂಸಿನ ಮೈ ಸುಡ್ತಿತ್ತು. ಬಟ್ಟೆ ಹಿಂಡಿ ಅದರ ಹಣೆ ಮೇಲಿಟ್ಟೆ.

"ಇನ್ನೊಂದ್ಸಲ ಅಂಗೇನಾದ್ರೂ ಆದ್ರೆ," ಅಂದ, "ನನ್ನ ಕೇಳಬೇಡಿ. ನೀವೇ ಹಾಕ್ಬುಡಿ. ಆ ಮಾತು ನಿಮಗೆ ಗೊತ್ತು ಅಂತ ಅತ್ತೆ ಹೇಳ್ತಿದ್ರು. ಆದ್ರೆ ಲೂರ್ದುಗೆ ಮಾತ್ರ ಗೊತ್ತಾಗ್ಬಾರ್ದು. ಇಷ್ಟು ವರ್ಷ ಅವಳ ಹತ್ರ ವಾದ ಮಾಡ್ಕೊಂಡು ಬಂದೋನು ನಾನು, ಯಾವ ಮುಖ ಇಟ್ಕೊಂಡು ಹೇಳ್ಲಿ? ನೀವೂ ಹೇಳಲ್ಲ ಅಂತ ಮಾತು ಕೊಡಿ."

ಕೊಟ್ಟೆ. ಇನ್ನೇನು ಮಾಡ್ಲಿ?

ಅವನು ಎದ್ದು ಹೋಗ್ತಿದ್ದಂಗೆ ಲೂರ್ದು ಟವೆಲ್ ಹಿಡ್ಕೊಂಡು ಬಂದ್ಲು. ಗಂಡ ಹೋದ ಕಡೆನೇ ನೋಡ್ತಾ, "ಏನಕ್ಕ, ಅವರ ಕಣ್ಣು ಕೆಂಪಗಿದೆ?" ಅಂದ್ಲು.

"ಏನಿಲ್ಲ ಕಣವ್ವ, ಸೋಪು ಬಿತ್ತು" ಅಂದೆ.